ಮನೆಯ ವೈ-ಫೈಗೆ ಬರುವ ಅಡಚಣೆ: ಮೂಲವನ್ನು ಗುರುತಿಸುವ ಬಗೆ

ಪೈರಿನ ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವುದು ಸರಿಯಲ್ಲವೆಂಬುದು ಇಂದು ರೈತ ಬಾಂಧವರೆಲ್ಲರಿಗೂ ತಿಳಿದ ಮಾತು. ಸಾರಜನಕದ ಕೊರತೆಯಿಂದ ಎಲೆ ಹಳದಿಯಾಗಬಹುದು, ಕಬ್ಬಿಣದ ಕೊರತೆಯಿಂದ ಆಗಬಹುದು, ಬೇರಿನ ಬಳಿ ನೀರು ನಿಂತು ಆಗಬಹುದು, ನಂಜುರೋಗದಿಂದಲೂ ಆಗಬಹುದು. ಹಳದಿ ಮೊದಲು ಕಂಡದ್ದು ಬಲಿತ ಎಲೆಯಲ್ಲೋ ಎಳೆಯ ಎಲೆಯಲ್ಲೋ ಎಂದು ನೋಡಿ, ಕಾರಣ ಖಚಿತವಾದ ಮೇಲೆಯೇ ಉಪಚಾರ. ಆದರೆ ಮನೆಯ ವೈ-ಫೈ ಕೈಕೊಟ್ಟಾಗ ಇಷ್ಟು ತಾಳ್ಮೆ ಇರುವುದಿಲ್ಲ. ಕಂಪೆನಿಯವರನ್ನು ಬೈಯುವುದು, ಹೊಸ ರೌಟರ್ ತರುವುದು, ಪೇಟೆಯಲ್ಲಿ ಸಿಕ್ಕ 'ಬೂಸ್ಟರ್' ತಗಲಿಸುವುದು, ಇವು ಮೂರೂ ಕಾರಣ ತಿಳಿಯದೆ ಔಷಧಿ ಹೊಡೆದಂತೆಯೇ. ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ಅಂತರಜಾಲ ಈಗ ಹಳ್ಳಿಯ ಮನೆಗೆ ಬರಿಯ ಕಾಲಹರಣದ ಸಾಧನವಾಗಿ ಉಳಿದಿಲ್ಲ. ಪಹಣಿ ತೆಗೆಯಲು, ಬೆಳೆ ಸಮೀಕ್ಷೆಯ ಚಿತ್ರ ಕಳುಹಿಸಲು, ಬೆಳೆ ವಿಮೆಯ ಅರ್ಜಿ ತುಂಬಲು, ಮಾರುಕಟ್ಟೆ ಧಾರಣೆ ನೋಡಲು ಅದು ಬೇಕು. ಅಡಿಕೆ ಒಣಗುವ ಅಂಗಳವನ್ನು ರಾತ್ರಿ ಕಾಯುವ ಕ್ಯಾಮೆರಾಕ್ಕೂ ಅದೇ ಆಧಾರ. ಮಗಳು ಕಾಲೇಜಿನ ಆಯ್ಕೆಪಟ್ಟಿ ತುಂಬುತ್ತಿರುವಾಗ ಕೊನೆಯ ದಿನದ ಕೊನೆಯ ಗಂಟೆಯಲ್ಲಿ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇದ್ದರೆ ಆಗುವ ನಷ್ಟ ಒಂದು ಬೆಳೆಯ ನಷ್ಟಕ್ಕಿಂತ ದೊಡ್ಡದು. ಆದ್ದರಿಂದ ಈ ಅಡಚಣೆ ಎಲ್ಲಿಂದ ಬರುತ್ತದೆ, ಅದನ್ನು ನೀವೇ ಹೇಗೆ ಕಂಡುಹಿಡಿಯಬಹುದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಇದಕ್ಕೆ ಬೇಕಾಗುವುದು ಒಂದು ಸ್ಮಾರ್ಟ್ ಫೋನು, ಒಂದು ನೋಟ್ ಪುಸ್ತಕ ಮತ್ತು ಮೂರು ನಾಲ್ಕು ದಿನಗಳ ತಾಳ್ಮೆ.

ವೈ-ಫೈ ಎಂದರೆ ರೇಡಿಯೋ

ರೌಟರ್ ಎಂಬ ಪೆಟ್ಟಿಗೆ ಒಂದು ಸಣ್ಣ ರೇಡಿಯೋ ನಿಲಯ. ನಿಮ್ಮ ಫೋನೂ ಒಂದು ರೇಡಿಯೋ ನಿಲಯವೇ. ಇವೆರಡೂ ಪರಸ್ಪರ ಮಾತಾಡುತ್ತವೆ. ಆಕಾಶವಾಣಿಯಂತೆ ಒಂದು ಕಡೆಯಿಂದ ಮಾತ್ರ ಬರುವ ಮಾತಲ್ಲ. ಆದ್ದರಿಂದ ರೌಟರಿನ ಶಕ್ತಿಯನ್ನು ಮಾತ್ರ ಹೆಚ್ಚಿಸಿದರೆ ಸಾಲದು. ದೂರದಲ್ಲಿರುವ ಫೋನಿನ ಕ್ಷೀಣ ದನಿ ರೌಟರಿಗೆ ಕೇಳಿಸದಿದ್ದರೆ ಸಂಭಾಷಣೆ ನಿಲ್ಲುತ್ತದೆ.

ಈ ಮಾತುಕತೆ ನಡೆಯುವುದು ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ. ಒಂದು 2.4 ಗಿಗಾಹರ್ಟ್ಸ್ ಪಟ್ಟಿ, ಇನ್ನೊಂದು 5 ಗಿಗಾಹರ್ಟ್ಸ್ ಪಟ್ಟಿ. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು, ಎರಡನೆಯದರದು 5ರಿಂದ 6 ಸೆಂಟಿಮೀಟರು. 2.4ರ ಅಲೆ ಗೋಡೆಯನ್ನು ದಾಟಿ ದೂರ ಹೋಗುತ್ತದೆ. 5ರ ಅಲೆ ಬೇಗ ಸೋಲುತ್ತದೆ, ಆದರೆ ಅಲ್ಲಿ ಜಾಗ ಹೆಚ್ಚು.

2.4ರ ಪಟ್ಟಿ ಒಂದು ರೀತಿಯ ಗೋಮಾಳವಿದ್ದಂತೆ. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳಿಗೆಂದು ಕೆಲವು ಪಟ್ಟಿಗಳನ್ನು ಬಿಟ್ಟುಕೊಡಲಾಯಿತು. ಅವುಗಳಲ್ಲಿ ಇದೂ ಒಂದು. ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಇಲ್ಲಿಯೇ, 2450 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ. ವೈ-ಫೈ ಬಂದದ್ದು ಅದಕ್ಕಿಂತ ಬಹಳ ತಡವಾಗಿ. ಅದರ ಮೊದಲ ನಿಯಮಾವಳಿ ರೂಪುಗೊಂಡದ್ದು 1997ರಲ್ಲಿ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳು ಪರವಾನಗಿ ಇಲ್ಲದೆ ಬಳಸಬಹುದೆಂದು 2005ರಲ್ಲಿ ನಿಯಮ ಮಾಡಲಾಯಿತು. ಪರವಾನಗಿ ಬೇಡವೆಂದ ಮೇಲೆ ಯಾರ ದನ ಬೇಕಾದರೂ ಮೇಯಬಹುದು. ವೈ-ಫೈ, ಬ್ಲೂಟೂತ್, ತಂತಿಯಿಲ್ಲದ ಮೌಸ್, ಔಷಧಿ ಸಿಂಪಡಿಸುವ ಡ್ರೋನಿನ ರಿಮೋಟ್, ಕೆಲವು ಬಗೆಯ ಕ್ಯಾಮೆರಾ, ಎಲ್ಲವೂ ಈ 83.5 ಮೆಗಾಹರ್ಟ್ಸ್ ಅಗಲದ ಗೋಮಾಳದಲ್ಲಿಯೇ ಇವೆ. ಇನ್ನೊಬ್ಬರ ಉಪಕರಣದಿಂದ ತೊಂದರೆಯಾಯಿತೆಂದು ದೂರು ಕೊಡುವ ಹಕ್ಕು ಇಲ್ಲಿ ನಮಗಿಲ್ಲ. ಹೊಂದಿಕೊಂಡು ಹೋಗುವುದೊಂದೇ ದಾರಿ.

ಮೊದಲು ಇದು ಅಡಚಣೆಯೇ ಎಂದು ನೋಡಿ

'ಅಡಚಣೆ' ಎಂದು ಕರೆಯುವ ದೂರುಗಳಲ್ಲಿ ಅನೇಕವು ಅಡಚಣೆಯೇ ಅಲ್ಲ. ಹೊರಗಿನಿಂದ ಬರುವ ಮಾರ್ಗ ಕೆಟ್ಟಿರುವುದು, ವಿದ್ಯುತ್ ಕುಸಿಯುವುದು, ಅಲೆಯೇ ತಲುಪದಿರುವುದು, ಇವೆಲ್ಲವೂ ನೋಡುವವರ ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಇವನ್ನು ಬೇರ್ಪಡಿಸುವುದೇ ಮೊದಲ ಕೆಲಸ.

ಮಾರ್ಗದ ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಇದ್ದರೆ ಅದನ್ನು ಒಂದು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಿ, ಅದರ ವೈ-ಫೈಯನ್ನು ಆರಿಸಿ, ವೇಗ ನೋಡಿ. ತಂತಿಯಲ್ಲಿಯೂ ನಿಧಾನವೇ ಆಗಿದ್ದರೆ ನಿಮ್ಮ ಮನೆಯ ಗಾಳಿಯಲ್ಲಿ ದೋಷವಿಲ್ಲ, ದೋಷ ಹೊರಗಿದೆ. ಲ್ಯಾಪ್‌ಟಾಪ್ ಇಲ್ಲದವರು ಫೋನನ್ನು ರೌಟರಿನಿಂದ ಐದಾರು ಅಡಿ ದೂರದಲ್ಲಿಟ್ಟು, 5 ಗಿಗಾಹರ್ಟ್ಸ್ ಪಟ್ಟಿಗೆ ಜೋಡಿಸಿ ನೋಡಬಹುದು. ಬೆಳಕಿನ ಎಳೆಯ, ಅಂದರೆ ಫೈಬರ್ ಸಂಪರ್ಕವಿದ್ದವರು ಪೆಟ್ಟಿಗೆಯ ಮೇಲೆ 'ಎಲ್.ಒ.ಎಸ್.' ಎಂದು ಬರೆದಿರುವ ಪುಟ್ಟ ದೀಪವನ್ನು ಗಮನಿಸತಕ್ಕದ್ದು. ಅದು ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲವೆಂದು ಅರ್ಥ. ಕಂಬದಿಂದ ಮನೆಗೆ ಬರುವ ಎಳೆಯ ಮೇಲೆ ತೆಂಗಿನ ಗರಿ ಬಿದ್ದಿರಬಹುದು, ಇಲಿ ಕಡಿದಿರಬಹುದು. ಅದಕ್ಕೆ ಕಂಪೆನಿಯವರೇ ಬರಬೇಕು.

ವಿದ್ಯುತ್ತಿನ ವಿಷಯ ನಮ್ಮ ಹಳ್ಳಿಗಳಿಗೆ ವಿಶೇಷವಾಗಿ ಸಂಬಂಧಪಟ್ಟದ್ದು. ಪಂಪಿನ ಮೋಟಾರು ಹೊರಡುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಐದಾರು ಪಟ್ಟು ಎಳೆಯುತ್ತದೆ. ಮಾರ್ಗ ಉದ್ದವಾಗಿದ್ದು ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಹೆಚ್ಚಾಗಿದ್ದರೆ ಆಗ ವೋಲ್ಟೇಜು ಕುಸಿಯುತ್ತದೆ. ಮನೆಯ ಬಲ್ಬು ಒಮ್ಮೆ ಮಂಕಾಗುವುದನ್ನು ನೀವು ನೋಡಿದ್ದೀರಿ. ಬಲ್ಬು ಮತ್ತೆ ಬೆಳಗುತ್ತದೆ. ಆದರೆ ರೌಟರ್ ಒಮ್ಮೆ ಸತ್ತು ಹುಟ್ಟಿದರೆ ಮತ್ತೆ ಸಂಪರ್ಕ ಹಿಡಿಯಲು ಒಂದೆರಡು ನಿಮಿಷ ಬೇಕು. "ಮೋಟಾರು ಹಾಕಿದರೆ ವೈ-ಫೈ ಹೋಗುತ್ತದೆ, ಮೋಟಾರಿನ ತರಂಗ ತೊಂದರೆ ಕೊಡುತ್ತದೆ" ಎಂದು ಹೇಳುವವರು ಒಮ್ಮೆ ಮೋಟಾರು ಹಾಕಿಸಿ ರೌಟರಿನ ಎದುರು ನಿಂತು ನೋಡಬೇಕು. ಎಲ್ಲ ದೀಪಗಳೂ ಒಟ್ಟಿಗೆ ಆರಿ ಹತ್ತಿದರೆ ಅದು ತರಂಗದ ತೊಂದರೆಯಲ್ಲ, ವೋಲ್ಟೇಜಿನದು. 12 ವೋಲ್ಟಿನ ರೌಟರುಗಳಿಗೆಂದೇ ಸಣ್ಣ ಬ್ಯಾಟರಿ ಪೆಟ್ಟಿಗೆಗಳು ಬಂದಿವೆ. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು ಮತ್ತು ಆಂಪಿಯರ್ ನೋಡಿ ಅದಕ್ಕೆ ಹೊಂದುವುದನ್ನು ತಂದರೆ ಈ ಕಾಟ ಅಲ್ಲಿಗೆ ಮುಗಿಯಿತು.

ಇನ್ನು ಅಲೆಯ ಬಲ. ಫೋನಿನ ಮೇಲ್ತುದಿಯ ಬೀಸಣಿಗೆಯಂಥ ಗುರುತನ್ನು ನಂಬಿ ಕೂರಬಾರದು. ಆಂಡ್ರಾಯ್ಡ್ ಫೋನುಗಳಿಗೆ 'ವೈ-ಫೈ ಅನಲೈಸರ್' ಎಂಬ ಬಗೆಯ ಉಚಿತ ಆ್ಯಪ್‌ಗಳು ದೊರೆಯುತ್ತವೆ. ಅವು ಬಲವನ್ನು 'ಡಿಬಿಎಂ' ಎಂಬ ಮಾನದಲ್ಲಿ ತೋರಿಸುತ್ತವೆ. ಈ ಅಂಕಿಯ ಹಿಂದೆ ಋಣ ಚಿಹ್ನೆ ಇರುವುದರಿಂದ ಮೊದಲು ಗೊಂದಲವಾಗಬಹುದು. ಅಂಕಿ ಚಿಕ್ಕದಾದಷ್ಟೂ ಬಲ ಹೆಚ್ಚೆಂದು ತಿಳಿಯಿರಿ. ರೌಟರಿನ ಪಕ್ಕದಲ್ಲಿ -30 ಇರುತ್ತದೆ. -50 ಉತ್ತಮ. -67ರವರೆಗೆ ಚಲನಚಿತ್ರ, ಪಾಠ ಎಲ್ಲವೂ ನಡೆಯುತ್ತದೆ. -75 ದಾಟಿದರೆ ಕಷ್ಟ, -80ರ ಆಚೆ ಭರವಸೆಯಿಲ್ಲ. ಪ್ರತಿ 10ಕ್ಕೆ ಬಲ ಹತ್ತರಲ್ಲೊಂದಾಗುತ್ತದೆ. ಅಂದರೆ -70 ಎಂಬುದು -50ರ ನೂರರಲ್ಲೊಂದು ಪಾಲು.

ಈಗ ಮುಖ್ಯವಾದ ಮಾತು. ಅಂಕಿ ಕೆಟ್ಟದ್ದಾಗಿದ್ದು ವೇಗವೂ ಕೆಟ್ಟಿದ್ದರೆ ಅಲೆ ತಲುಪುತ್ತಿಲ್ಲವೆಂದು ಅರ್ಥ. ಅಂಕಿ -45, -50 ಎಂದು ಚೆನ್ನಾಗಿದ್ದೂ ಪುಟ ತೆರೆಯದಿದ್ದರೆ, ಮಾತು ತುಂಡುತುಂಡಾಗಿ ಬರುತ್ತಿದ್ದರೆ, ಮತ್ತು ತಂತಿಯಲ್ಲಿ ಎಲ್ಲವೂ ಸರಿಯಿದ್ದರೆ, ಆಗ ಮಾತ್ರ ಅಡಚಣೆಯನ್ನು ಸಂಶಯಿಸತಕ್ಕದ್ದು. ಅಡಚಣೆ ಎಂಬುದು ದನಿಯನ್ನು ತಗ್ಗಿಸುವುದಿಲ್ಲ, ಗದ್ದಲವನ್ನು ಹೆಚ್ಚಿಸುತ್ತದೆ. ಸಂತೆಯ ನಡುವೆ ಪಕ್ಕದಲ್ಲಿ ನಿಂತವನ ಮಾತು ಕೇಳಿಸದ ಹಾಗೆ.

ಅಡಚಣೆಯ ಮೂಲಗಳು

ಮೈಕ್ರೋವೇವ್ ಒಲೆಯಿಂದಲೇ ಆರಂಭಿಸೋಣ, ಏಕೆಂದರೆ ಇದರ ಪರೀಕ್ಷೆ ಬಹಳ ಸ್ಪಷ್ಟ. ಮನೆಯ ರೌಟರಿನ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತರಲ್ಲೊಂದು ಪಾಲಿನಷ್ಟು. ಒಲೆಯದು 700ರಿಂದ 900 ವಾಟು. ಈ ಶಕ್ತಿಯನ್ನು ಒಲೆಯ ಲೋಹದ ಗೋಡೆ ಮತ್ತು ಬಾಗಿಲಿನ ಜಾಲರಿ ಒಳಗೇ ಹಿಡಿದಿಡುತ್ತವೆ. ಆದರೆ ಲೆಕ್ಕ ಹಾಕಿ ನೋಡಿ: 800 ವಾಟಿನಲ್ಲಿ ಹತ್ತು ಸಾವಿರದಲ್ಲೊಂದು ಪಾಲು ಸೋರಿದರೂ 0.08 ವಾಟಾಯಿತು, ಹೆಚ್ಚು ಕಡಿಮೆ ರೌಟರಿನಷ್ಟೇ. ಮನುಷ್ಯರ ಸುರಕ್ಷತೆಗೆ ಗೊತ್ತುಪಡಿಸಿದ ಮಿತಿಯೊಳಗೇ ಇರುವ ಸೋರಿಕೆಯೂ ವೈ-ಫೈಯ ಕಿವಿ ಮುಚ್ಚಿಸಬಲ್ಲದು. ಹಳೆಯ ಬಗೆಯ ಟ್ರಾನ್ಸ್‌ಫಾರ್ಮರ್ ಒಲೆಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಪ್ರತಿ ಆವರ್ತದ ಅರ್ಧದಲ್ಲಿ ಮಾತ್ರ ಅಲೆ ಹೊರಡಿಸುತ್ತವೆ. ಸೆಕೆಂಡಿನ ನೂರರಲ್ಲೊಂದು ಭಾಗ ಗದ್ದಲ, ಮುಂದಿನ ನೂರರಲ್ಲೊಂದು ಭಾಗ ಮೌನ. ಆದ್ದರಿಂದಲೇ ಸಂಪರ್ಕ ಪೂರ್ತಿ ಹೋಗದೆ ತಡವರಿಸುತ್ತದೆ. ಬಾಗಿಲಿನ ಅಂಚಿನಲ್ಲಿ ಜಿಡ್ಡು ಕೂತಿದ್ದರೆ, ಕೀಲು ಸಡಿಲವಾಗಿದ್ದರೆ ಸೋರಿಕೆ ಹೆಚ್ಚುತ್ತದೆ. ಒಲೆಯಲ್ಲಿ ಒಂದು ಲೋಟ ನೀರಿಟ್ಟು ಎರಡು ನಿಮಿಷ ಕಾಯಿಸಿ, ಅದೇ ಹೊತ್ತಿಗೆ ಇನ್ನೊಬ್ಬರು ವೇಗ ನೋಡಲಿ. ಬಾಗಿಲು ಸರಿಯಾಗಿ ಮುಚ್ಚದ ಒಲೆಯನ್ನು ವೈ-ಫೈಯ ಕಾರಣಕ್ಕಲ್ಲ, ನಿಮ್ಮ ಕಣ್ಣಿನ ಕಾರಣಕ್ಕೆ ದುರಸ್ತಿ ಮಾಡಿಸಿರಿ.

ಈ ಒಲೆ ವಿಜ್ಞಾನಿಗಳನ್ನೂ ಸತಾಯಿಸಿದೆ. ಆಸ್ಟ್ರೇಲಿಯದ ಪಾರ್ಕ್ಸ್ ಎಂಬಲ್ಲಿ 64 ಮೀಟರು ಅಗಲದ ರೇಡಿಯೋ ದೂರದರ್ಶಕವಿದೆ. 1998ರಿಂದ ಅದರಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರವಾದ ಕ್ಷಣಿಕ ಸಂಕೇತಗಳು ದಾಖಲಾಗುತ್ತಿದ್ದವು. ಅವು ಭೂಮಿಯವೇ ಎಂಬ ಅನುಮಾನವಿತ್ತು, ಮೂಲ ತಿಳಿದಿರಲಿಲ್ಲ. ಅವು ಹೆಚ್ಚಾಗಿ ಜನ ಕೆಲಸ ಮಾಡುವ ಹಗಲು ಹೊತ್ತಿನಲ್ಲಿಯೇ ಬರುತ್ತಿದ್ದುದು ಒಂದು ಸುಳಿವು. ಅಲ್ಲಿಯ ರೇಡಿಯೋ ಗದ್ದಲವನ್ನು ಸದಾ ದಾಖಲಿಸುವ ಹೊಸ ಉಪಕರಣ ಇಟ್ಟ ಮೇಲೆ, ಅದೇ ಕ್ಷಣಗಳಲ್ಲಿ 2.4 ಗಿಗಾಹರ್ಟ್ಸ್‌ನ ಬಳಿಯೂ ಗದ್ದಲವಿರುವುದು ಕಂಡಿತು. ಕೊನೆಗೆ 2015ರಲ್ಲಿ ಮೂಲ ಸಿಕ್ಕಿತು: ಆವರಣದ ಮೈಕ್ರೋವೇವ್ ಒಲೆಯ ಬಾಗಿಲನ್ನು, ಅದು ನಿಲ್ಲುವ ಮೊದಲೇ, ಯಾರೋ ಅವಸರದಿಂದ ತೆರೆಯುತ್ತಿದ್ದರು. ಹದಿನೇಳು ವರ್ಷಗಳ ಒಗಟು ಬಿಡಿಸಿದ್ದು ಗಡಿಯಾರವೂ ದಾಖಲೆಯೂ ಎಂಬುದನ್ನು ಗಮನಿಸಿ. ನಾವು ಮುಂದೆ ಹೇಳುವ ನೋಟ್ ಪುಸ್ತಕದ ಕೆಲಸವೂ ಇದೇ.

ಇನ್ನೊಂದು ಮೂಲ ನೆರೆಮನೆಯ ವೈ-ಫೈ. ಊರ ನಡುವೆ ಮನೆಗಳು ಒತ್ತಾಗಿರುವ ಕಡೆ ಇದೇ ಮುಖ್ಯ ಕಾರಣ. ತೋಟದ ನಡುವಿನ ಒಂಟಿ ಮನೆಗೆ ಈ ಚಿಂತೆಯಿಲ್ಲ. 2.4ರ ಪಟ್ಟಿಯನ್ನು ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಚಾನಲ್‌ಗಳಾಗಿ ಗುರುತಿಸಿದ್ದಾರೆ. ಚಾನಲಿನಿಂದ ಚಾನಲಿಗೆ ಅಂತರ 5 ಮೆಗಾಹರ್ಟ್ಸ್ ಮಾತ್ರ, ಆದರೆ ಒಂದೊಂದು ರೌಟರ್ ಬಳಸುವ ಅಗಲ 20 ಮೆಗಾಹರ್ಟ್ಸ್. ಐದಡಿಗೊಂದು ಗೂಟ ನೆಟ್ಟು ಇಪ್ಪತ್ತಡಿ ಅಗಲದ ಗಾಡಿ ಓಡಿಸಿದಂತೆ. ಪರಸ್ಪರ ತಾಗದೆ ಓಡಬಲ್ಲವು ಮೂರೇ: 1, 6 ಮತ್ತು 11.

ಇಲ್ಲಿ ಅನೇಕರು ತಪ್ಪುವ ಒಂದು ಸಂಗತಿಯಿದೆ. ನೆರೆಮನೆಯವರು 1ರಲ್ಲಿದ್ದಾರೆ, ನಾನು 3ಕ್ಕೆ ಹೋದರೆ ದೂರವಾದೆನೆಂದು ಭಾವಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ವೈ-ಫೈ ಉಪಕರಣ ಮಾತಾಡುವ ಮೊದಲು ಕಿವಿಗೊಟ್ಟು ಕೇಳುತ್ತದೆ. ಯಾರಾದರೂ ಮಾತಾಡುತ್ತಿದ್ದರೆ ಕಾಯುತ್ತದೆ. ಒಂದೇ ಚಾನಲಿನಲ್ಲಿರುವ ಎರಡು ಮನೆಯವರು ಕಾಲುವೆಯ ನೀರನ್ನು ಸರದಿಯಲ್ಲಿ ಹಾಯಿಸಿಕೊಂಡಂತೆ ಹಂಚಿಕೊಳ್ಳುತ್ತಾರೆ. ನಿಧಾನವಾದರೂ ಜಗಳವಿಲ್ಲ. 1 ಮತ್ತು 3ರಲ್ಲಿದ್ದಾಗ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದ ಗದ್ದಲವಾಗಿ ಕೇಳಿಸುತ್ತದೆ, ಸರದಿ ಮುರಿಯುತ್ತದೆ, ಇಬ್ಬರ ಮಾತೂ ಕೆಡುತ್ತದೆ. ಆದ್ದರಿಂದ ನೆರೆಮನೆಗಳವರು ಒಮ್ಮೆ ಕೂಡಿ ಕುಳಿತು, ನಿಮಗೆ 1, ನಮಗೆ 6, ಆಚೆಯವರಿಗೆ 11 ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನಾಲ್ಕನೆಯ ಮನೆಯವರು ಈ ಮೂರರಲ್ಲಿ ತಮ್ಮಿಂದ ಅತಿ ದೂರದ ಮನೆಯ ಚಾನಲನ್ನೇ ಹಿಡಿಯಬೇಕು, ನಡುವಿನದನ್ನಲ್ಲ. ಖರ್ಚಿಲ್ಲದ ಪರಿಹಾರ ಇದು. ಬದುವಿನ ಜಗಳವಿರುವ ಮನೆಗಳ ನಡುವೆ ಈ ಮಾತು ಯಾರು ತೆಗೆಯಬೇಕು ಎಂಬುದು ಬೇರೆ ವಿಷಯ.

ಮೂರನೆಯ ಮೂಲ ನಿಮ್ಮ ಮನೆಯೊಳಗೇ ಇದೆ, ಮತ್ತು ತೋಟದ ಮನೆಗಳಲ್ಲಿ ಇದೇ ಹೆಚ್ಚು ಕಾಡುತ್ತದೆಂದು ನಮ್ಮ ಅಭಿಪ್ರಾಯ. ಅದು ದೂರದ ಕ್ಯಾಮೆರಾ. ಕಣದ ತುದಿಯಲ್ಲಿ, ದನದ ಕೊಟ್ಟಿಗೆಯಲ್ಲಿ ವೈ-ಫೈ ಕ್ಯಾಮೆರಾ ಕಟ್ಟಿರುತ್ತೀರಿ. ಅಲೆ ಅಲ್ಲಿಗೆ ಕ್ಷೀಣವಾಗಿ ತಲುಪುತ್ತದೆ. ದನಿ ಕೇಳಿಸದಿದ್ದಾಗ ನಾವು ನಿಧಾನವಾಗಿ ಬಿಡಿಸಿ ಬಿಡಿಸಿ ಮಾತಾಡುವಂತೆ ಆ ಕ್ಯಾಮೆರಾವೂ ವೇಗ ತಗ್ಗಿಸಿ ಕಳುಹಿಸುತ್ತದೆ. ಸಮೀಪದ ಫೋನು ಕ್ಷಣಾರ್ಧದಲ್ಲಿ ಮುಗಿಸುವ ಕೆಲಸಕ್ಕೆ ಅದು ಹತ್ತಾರು ಪಟ್ಟು ಸಮಯ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತೂ ಉಳಿದವರೆಲ್ಲ ಕಾಯಬೇಕು. ಕ್ಯಾಮೆರಾ ಹಗಲೂ ರಾತ್ರಿ ಚಿತ್ರ ಕಳುಹಿಸುತ್ತಲೇ ಇರುವುದರಿಂದ ಪಡಸಾಲೆಯಲ್ಲಿ ಕುಳಿತವರಿಗೆ ಕಾರಣವೇ ತಿಳಿಯದೆ ವೇಗ ಕುಗ್ಗುತ್ತದೆ. ಎರಡು ಕ್ಯಾಮೆರಾಗಳು ಮನೆಯ ಎರಡು ವಿರುದ್ಧ ತುದಿಗಳಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಗಾಳಿ ಖಾಲಿಯಿದೆಯೆಂದು ಎರಡೂ ಒಮ್ಮೆಗೇ ಮಾತಾಡಿ ರೌಟರಿನ ಬಳಿ ಡಿಕ್ಕಿಯಾಗುತ್ತವೆ. ವೈ-ಫೈ ಅಲ್ಲದ, 2.4ರಲ್ಲಿ ನೇರ ಚಿತ್ರ ಬಿತ್ತರಿಸುವ ಹಳೆಯ ಬಗೆಯ ಕ್ಯಾಮೆರಾಗಳಂತೂ ಕೇಳುವ ಕ್ರಮವನ್ನೇ ಅರಿಯವು. ಎಡೆಬಿಡದೆ ಮಾತಾಡುತ್ತಲೇ ಇರುತ್ತವೆ.

ಉಳಿದವು ಸಣ್ಣವು. ಬ್ಲೂಟೂತ್ ತನ್ನ ಜಾಗವನ್ನು ಸೆಕೆಂಡಿಗೆ 1600 ಸಾರಿ ಬದಲಿಸುತ್ತ, ಗದ್ದಲವಿರುವ ಕಡೆಯನ್ನು ತಪ್ಪಿಸಿ ಹಾರುವುದರಿಂದ ಹೆಚ್ಚು ಬಾಧೆ ಕೊಡದು. ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ 3 ಬಗೆಯ ಹಾರ್ಡ್ ಡಿಸ್ಕು ಮತ್ತು ಅದರ ತಂತಿ 2.4ರಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ಅದನ್ನು ರೌಟರಿನ ಬೆನ್ನಿಗೆ ಅಂಟಿಸಿ ಇಡಕೂಡದು, ಮೂರಡಿ ದೂರವಿದ್ದರೆ ಸಾಕು.

ಸುಮ್ಮನೆ ಆಪಾದನೆಗೆ ಗುರಿಯಾದವು

ಇಂಡಕ್ಷನ್ ಒಲೆ ಕೆಲಸ ಮಾಡುವುದು ಕೆಲವು ಹತ್ತು ಕಿಲೋಹರ್ಟ್ಸ್‌ಗಳಲ್ಲಿ, ವೈ-ಫೈಗಿಂತ ಹತ್ತಾರು ಸಾವಿರ ಪಟ್ಟು ಕೆಳಗೆ. ಅದರಿಂದ ವೈ-ಫೈಗೆ ನೇರ ಬಾಧೆಯಿಲ್ಲ. ಮಣ್ಣಿನ ತೇವ ತಿಳಿಸುವ ಉಪಕರಣಗಳಲ್ಲಿ ಅನೇಕವು 865 ಮೆಗಾಹರ್ಟ್ಸ್‌ನ ಬಳಿಯ ಬೇರೆಯೇ ಪಟ್ಟಿಯಲ್ಲಿ ಇರುತ್ತವೆ. ಸಿಮ್ ಹಾಕಿದ ಪಂಪ್ ಸ್ಟಾರ್ಟರ್ ಮೊಬೈಲ್ ಪಟ್ಟಿಯನ್ನು ಬಳಸುತ್ತದೆ. ಇವುಗಳನ್ನು ದೂಷಿಸಿ ಪ್ರಯೋಜನವಿಲ್ಲ.

ಬೇಲಿಯ ಝಟಕಾ ಯಂತ್ರ, ಕಳಪೆ ಎಲ್‌ಇಡಿ ಬಲ್ಬು, ಕಿಡಿ ಹಾರುವ ಸ್ವಿಚ್ಚು, ಇವುಗಳ ಗದ್ದಲ ಬಹುಮಟ್ಟಿಗೆ ಕೆಳಗಿನ ಪಟ್ಟಿಗಳಲ್ಲಿ ಇರುತ್ತದೆ. ವೈ-ಫೈಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ತಾಮ್ರದ ದೂರವಾಣಿ ತಂತಿಯ ಮೂಲಕ ಅಂತರಜಾಲ ಪಡೆಯುವವರಿಗೆ ಇವು ನಿಜವಾದ ಶತ್ರುಗಳು. ಬ್ರಿಟನ್ನಿನ ವೇಲ್ಸ್ ಪ್ರಾಂತದ ಅಬೆರ್‌ಹೋಸನ್ ಎಂಬ ಹಳ್ಳಿಯಲ್ಲಿ ಪ್ರತಿದಿನ ಬೆಳಿಗ್ಗೆ ಏಳಕ್ಕೆ ಊರಿಗೆ ಊರೇ ಅಂತರಜಾಲವಿಲ್ಲದಂತಾಗುತ್ತಿತ್ತು. ತಂತಿಗಳನ್ನು ಬದಲಿಸಿದರೂ ಹದಿನೆಂಟು ತಿಂಗಳು ತೊಂದರೆ ತಪ್ಪಲಿಲ್ಲ. ಕೊನೆಗೆ ತಂತ್ರಜ್ಞರು ಗದ್ದಲ ಅಳೆಯುವ ಯಂತ್ರ ಹಿಡಿದು ಊರು ಸುತ್ತಿದಾಗ, ಏಳು ಗಂಟೆಗೆ ಸರಿಯಾಗಿ ಒಂದು ಮನೆಯಿಂದ ವಿದ್ಯುತ್ ಗದ್ದಲ ಹೊರಡುವುದು ಕಂಡಿತು. ಆ ಮನೆಯವರು ಹಳೆಯ ಟಿ.ವಿ.ಯೊಂದನ್ನು ದಿನವೂ ಆ ಹೊತ್ತಿಗೆ ಹಾಕುತ್ತಿದ್ದರು. ವಿಷಯ ತಿಳಿದು ನಾಚಿಕೊಂಡು ಅದನ್ನು ಆರಿಸಿದರು. 2020ರಲ್ಲಿ ಈ ಸುದ್ದಿ ಹೊರಬಂತು. ತಾಮ್ರದ ತಂತಿಯವರು ಇಂಥ ಮೂಲವನ್ನು ಹುಡುಕಲು ಹಳೆಯ ಟ್ರಾನ್ಸಿಸ್ಟರ್ ಸಾಕು. ಮೀಡಿಯಂ ವೇವ್‌ನಲ್ಲಿ ನಿಲಯಗಳಿಲ್ಲದ ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ, ಮನೆಯೆಲ್ಲ ಓಡಾಡಿ. ಕರಕರ ಸದ್ದು ಜೋರಾದ ಕಡೆ ಮೂಲವಿದೆ. ಸೆಕೆಂಡಿಗೊಮ್ಮೆ ಟಕ್ ಟಕ್ ಎಂದರೆ ಬೇಲಿ. ಅದರ ಭೂಸಂಪರ್ಕವನ್ನೂ, ತಂತಿಗೆ ತಾಗುವ ಹಸಿ ಬಳ್ಳಿಯನ್ನೂ ನೋಡಿ. ಫೈಬರ್ ಎಳೆಗೆ ಈ ಯಾವ ಗದ್ದಲವೂ ತಟ್ಟದು.

ನೋಟ್ ಪುಸ್ತಕದ ವಿಧಾನ

ನಾಲ್ಕು ದಿನ ಈ ರೀತಿ ಬರೆದಿಡಿ: ತೊಂದರೆಯಾದ ಗಂಟೆ, ನೀವಿದ್ದ ಜಾಗ, ಆಗಿನ ಡಿಬಿಎಂ ಅಂಕಿ, ರೌಟರಿನ ದೀಪಗಳ ಸ್ಥಿತಿ, ಮನೆಯಲ್ಲಿ ಆಗ ನಡೆಯುತ್ತಿದ್ದ ಯಂತ್ರಗಳು, ಮಳೆಯಿತ್ತೇ ಎಂಬುದು. ಮಳೆ ಏಕೆಂದು ಕೇಳಬಹುದು. ನೀರು ಈ ಅಲೆಗಳನ್ನು ಹೀರುತ್ತದೆ. ಬೇಸಿಗೆಯಲ್ಲಿ ತೋಟದಾಚೆಗೂ ತಲುಪುತ್ತಿದ್ದ ಅಲೆ ಮಳೆಗಾಲದಲ್ಲಿ ಒದ್ದೆಯಾದ ಸೋಗೆಗಳ ನಡುವೆ ನಿಂತುಹೋಗುವುದು ಅಡಚಣೆಯಲ್ಲ, ಹೀರಿಕೆ. ಗುಡ್ಡದಾಚೆಯಿಂದ ಗಾಳಿಯ ಮೂಲಕ ಸಂಪರ್ಕ ತಂದುಕೊಂಡವರು ಆ ನೇರದಲ್ಲಿ ಬೆಳೆದ ಮರದ ಕೊಂಬೆಯನ್ನೂ ನೋಡಬೇಕು.

ತೊಂದರೆ ಗಂಟೆಯನ್ನು ಹಿಡಿದು ಬರುತ್ತಿದ್ದರೆ ಯಾವುದೋ ಯಂತ್ರ ಅಥವಾ ಯಾರದೋ ಅಭ್ಯಾಸ ಕಾರಣ. ಜಾಗವನ್ನು ಹಿಡಿದು ಬರುತ್ತಿದ್ದರೆ ಗೋಡೆ ಅಥವಾ ದೂರ ಕಾರಣ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ಬರುತ್ತಿದ್ದರೆ ನೆರೆಮನೆಯ ವೈ-ಫೈ ಇರಬಹುದು, ಅಥವಾ ಎಲ್ಲರೂ ಒಮ್ಮೆಗೆ ಬಳಸುವುದರಿಂದ ಕಂಪೆನಿಯ ಮಾರ್ಗವೇ ತುಂಬಿರಬಹುದು. ತಂತಿಯ ಪರೀಕ್ಷೆ ಇವೆರಡನ್ನು ಬೇರ್ಪಡಿಸುತ್ತದೆ.

ಸಂಶಯಿತ ವಸ್ತುಗಳು ಗೊತ್ತಾದ ಮೇಲೆ ಒಂದೊಂದನ್ನೇ ಆರಿಸಿ ನೋಡಿ. ಎಲ್ಲವನ್ನೂ ಒಮ್ಮೆಗೇ ಆರಿಸಿದರೆ ತೊಂದರೆ ಹೋದೀತು, ಕಾರಣ ತಿಳಿಯದು. ಪ್ರತಿಯೊಂದನ್ನು ಆರಿಸಿದಾಗಲೂ ಒಂದೇ ಜಾಗದಲ್ಲಿ ನಿಂತು ಮೂರು ಸಾರಿ ವೇಗ ಅಳೆಯಿರಿ, ಮತ್ತೆ ಹಾಕಿ ಮೂರು ಸಾರಿ ಅಳೆಯಿರಿ. ಮತ್ತೆ ಹಾಕಿದಾಗ ತೊಂದರೆ ಮರಳಿ ಬಂದರೆ ಮಾತ್ರ ಅದೇ ಕಾರಣವೆಂದು ನಂಬಬಹುದು. ಉಪಚಾರ ಮಾಡದ ಸಾಲೊಂದನ್ನು ಬಿಟ್ಟು ಹೋಲಿಸಿ ನೋಡುವುದು ನಿಮಗೆ ಹೊಸದೇನಲ್ಲ.

ಪರಿಹಾರಗಳು

ರೌಟರನ್ನು ಕಬ್ಬಿಣದ ಬೀರುವಿನ ಮೇಲೆ, ಟಿ.ವಿ.ಯ ಹಿಂದೆ, ಫ್ರಿಜ್ಜಿನ ಪಕ್ಕ ಇಟ್ಟಿರುವ ಮನೆಗಳೇ ಹೆಚ್ಚು. ತಂತಿ ಬಂದ ಮೂಲೆಯಲ್ಲಿಯೇ ಕೂರಿಸಿ ಹೋಗುವುದು ಜೋಡಿಸುವವರಿಗೆ ಸುಲಭ. ಮೂಲೆಯಲ್ಲಿಟ್ಟರೆ ಅರ್ಧಕ್ಕಿಂತ ಹೆಚ್ಚು ಅಲೆ ರಸ್ತೆಗೆ ಹೋಗುತ್ತದೆ. ಅದನ್ನು ನಡುಮನೆಗೆ ತಂದು, ಐದಾರು ಅಡಿ ಎತ್ತರದಲ್ಲಿ, ಲೋಹದಿಂದ ದೂರವಿಟ್ಟು ನೋಡಿ. ದೂರ ಎರಡು ಪಟ್ಟಾದರೆ ಬಲ ನಾಲ್ಕರಲ್ಲೊಂದಾಗುತ್ತದೆಂಬುದು ತೆರೆದ ಬಯಲಿನ ಲೆಕ್ಕ. ಮನೆಯೊಳಗೆ ಇನ್ನೂ ಬೇಗ ಕುಗ್ಗುತ್ತದೆ. ಇಟ್ಟಿಗೆ ಗೋಡೆ ಸ್ವಲ್ಪ ತಡೆಯುತ್ತದೆ, ಹಳೆಯ ಮನೆಗಳ ಎರಡಡಿ ದಪ್ಪದ ಮಣ್ಣಿನ ಗೋಡೆ ಬಹಳ ತಡೆಯುತ್ತದೆ, ತಗಡು ಬಹುತೇಕ ಎಲ್ಲವನ್ನೂ ಹಿಂದಕ್ಕೆ ಎಸೆಯುತ್ತದೆ. ನೆಟ್ಟಗೆ ನಿಂತ ಆಂಟೆನಾದ ಅಲೆ ಸುತ್ತಲೂ ಅಡ್ಡಡ್ಡ ಹರಡುತ್ತದೆ, ನೇರ ಮೇಲಕ್ಕೆ ಕಡಿಮೆ. ಮಹಡಿಗೆ ತಲುಪಬೇಕಾದರೆ ಎರಡರಲ್ಲೊಂದನ್ನು ಮಲಗಿಸಿ.

ಎರಡೂ ಪಟ್ಟಿಯ ರೌಟರಿದ್ದರೆ ಪಡಸಾಲೆಯ ಫೋನು, ಟಿ.ವಿ., ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ, 2.4ನ್ನು ದೂರದವುಗಳಿಗೆ ಬಿಡಿ. ಮೈಕ್ರೋವೇವ್ ಒಲೆಯ ಕಾಟಕ್ಕೆ ಇದಕ್ಕಿಂತ ಸುಲಭ ಮದ್ದಿಲ್ಲ. 2018ರಲ್ಲಿ ನಮ್ಮ ದೇಶ 5ರ ಪಟ್ಟಿಯಲ್ಲಿ ಪರವಾನಗಿ ಬೇಡದ ಜಾಗವನ್ನು ವಿಸ್ತರಿಸಿದ ಮೇಲೆ ಅಲ್ಲಿ ಇಕ್ಕಟ್ಟು ಕಡಿಮೆ. ಒಂದು ಎಚ್ಚರ: 5600ರಿಂದ 5650 ಮೆಗಾಹರ್ಟ್ಸ್‌ನ ಬಳಿ ಹವಾಮಾನದ ರೇಡಾರುಗಳು ಕೆಲಸ ಮಾಡುತ್ತವೆ. ರೇಡಾರಿನ ದನಿ ಕೇಳಿದರೆ ರೌಟರ್ ಆ ಚಾನಲ್ ಬಿಟ್ಟು ಏಳಬೇಕೆಂಬ ನಿಯಮವಿದೆ. ಕಾರಣವಿಲ್ಲದೆ 5ರ ಸಂಪರ್ಕ ಒಂದು ನಿಮಿಷ ಮಾಯವಾಗಿ ಬೇರೆ ಚಾನಲಿನಲ್ಲಿ ಕಾಣಿಸಿಕೊಂಡರೆ 36ರಿಂದ 48ರವರೆಗಿನ ಚಾನಲ್‌ಗಳಲ್ಲಿ ಒಂದನ್ನು ಆರಿಸಿಡಿ.

ಚಾನಲ್ ಬದಲಿಸಲು ರೌಟರಿನ ಬೆನ್ನಿನ ಚೀಟಿಯಲ್ಲಿ 192.168.1.1 ಎಂಬಂಥ ವಿಳಾಸವೂ ಗುಪ್ತಪದವೂ ಇರುತ್ತವೆ. ಫೋನಿನ ಬ್ರೌಸರಿನಲ್ಲಿ ಅದನ್ನು ತೆರೆದು, 2.4ರ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, 1, 6, 11ರಲ್ಲಿ ಖಾಲಿಯಿರುವುದನ್ನು ಆರಿಸಿ. ಬೇರೆ ಯಾವ ಗುಂಡಿಯನ್ನೂ ಒತ್ತಬೇಡಿ. ಮೊದಲಿದ್ದ ಅಂಕಿಗಳ ಚಿತ್ರ ತೆಗೆದಿಟ್ಟುಕೊಂಡರೆ ಹಿಂದಿರುಗುವುದು ಸುಲಭ.

ಕ್ಯಾಮೆರಾಕ್ಕೆ ತಂತಿಯೇ ಸರಿ. ಒಳ್ಳೆಯ ನೆಟ್‌ವರ್ಕ್ ತಂತಿ 100 ಮೀಟರಿನವರೆಗೆ ಸಲೀಸಾಗಿ ಒಯ್ಯುತ್ತದೆ. ಪಿವಿಸಿ ಕೊಳವೆಯೊಳಗೆ ಎಳೆಸಿ, ಇಲಿಗೂ ಬಿಸಿಲಿಗೂ ಸಿಗದಂತೆ. ಆದರೆ ಗುಡುಗಿನ ದಿನಗಳಲ್ಲಿ ಮನೆಯಿಂದ ಕೊಟ್ಟಿಗೆಗೆ ಎಳೆದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಒಳಗೆ ತರಬಲ್ಲದು. ಮೋಡ ಕಟ್ಟಿದಾಗ ಎರಡೂ ತುದಿ ಕಳಚಿಡಿ. ಸಾಧ್ಯವಿದ್ದವರು ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿಸುವುದು ಉತ್ತಮ.

ವೈ-ಫೈ ರಿಪೀಟರ್ ಎಂಬ ಸಣ್ಣ ಪೆಟ್ಟಿಗೆ ಅಲೆ ತಲುಪದ ಜಾಗಕ್ಕೆ ಮದ್ದು, ಅಡಚಣೆಗೆ ಅಲ್ಲ. ಕೇಳಿದ ಪ್ರತಿ ಮಾತನ್ನೂ ಅದೇ ಚಾನಲಿನಲ್ಲಿ ಮತ್ತೊಮ್ಮೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಈಗಾಗಲೇ ಗದ್ದಲವಿರುವ ಮನೆಗೆ ಇನ್ನೊಂದು ಬಾಯಿ ಸೇರಿಸಿದಂತೆ. ಇದನ್ನೂ 'ಮೊಬೈಲ್ ಸಿಗ್ನಲ್ ಬೂಸ್ಟರ್' ಎಂಬುದನ್ನೂ ಒಂದೇ ಎಂದು ತಿಳಿಯಬೇಡಿ. ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ ಮೊಬೈಲ್ ಗೋಪುರದ ಅಲೆಯನ್ನು ಹಿಗ್ಗಿಸುವ ಈ ಬೂಸ್ಟರನ್ನು ಪರವಾನಗಿಯಿಲ್ಲದೆ ಮಾರುವುದೂ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ಅದು ಗೋಪುರಕ್ಕೇ ಗದ್ದಲ ತುಂಬಿ ಸುತ್ತಲಿನ ಮನೆಗಳ ಫೋನನ್ನು ಕೆಡಿಸಬಲ್ಲದು. ನಿಮ್ಮ ಮನೆಯಲ್ಲಿ ನಾಲ್ಕು ಗೆರೆ ಕಾಣಲೆಂದು, ರಾತ್ರಿ ಆಂಬುಲೆನ್ಸಿಗೆ ಕರೆ ಮಾಡುವ ನೆರೆಯವರ ಫೋನು ಹತ್ತದಂತಾಗಬಾರದು. ಅಂಗಡಿಯವರು ಏನೇ ಹೇಳಲಿ, ಕೊಳ್ಳಬೇಡಿ.

ಇಷ್ಟೆಲ್ಲ ಮಾಡಿದರೂ ತಂತಿಯ ಪರೀಕ್ಷೆಯಲ್ಲಿಯೇ ವೇಗ ಕೆಟ್ಟಿದ್ದರೆ ಕಂಪೆನಿಗೆ ದೂರು ಕೊಡಿ. ಆಗ ನೋಟ್ ಪುಸ್ತಕದ ಪುಟವನ್ನು ಎದುರಿಗಿಟ್ಟುಕೊಂಡು, ಇಂತಿಂಥ ದಿನ ಇಂತಿಂಥ ಗಂಟೆಗೆ ತಂತಿಯಲ್ಲಿ ಅಳೆದ ವೇಗ ಇಷ್ಟು, ಎಲ್.ಒ.ಎಸ್. ದೀಪ ಹೀಗಿತ್ತು ಎಂದು ಓದಿ ಹೇಳಿ, ದೂರಿನ ಸಂಖ್ಯೆಯನ್ನು ಅದೇ ಪುಟದಲ್ಲಿ ಬರೆದುಕೊಳ್ಳಿ. "ರೌಟರ್ ಒಮ್ಮೆ ಆರಿಸಿ ಹಾಕಿ ನೋಡಿ" ಎಂಬ ಉತ್ತರ ಬಂದರೆ, ಅದನ್ನು ಮಾಡಿ ನೋಡಿದ ದಿನ ಮತ್ತು ಗಂಟೆಯೂ ಆ ಪುಟದಲ್ಲಿಯೇ ಇರುತ್ತದೆ.